ಮುನಾಬಾವ್‌ನ ಕಿಟಕಿ ಸೀಟು

ರೈಲೇ ಇಲ್ಲದ ಮಸ್ಕತ್‌ನಲ್ಲಿ ರೈಲಿನ ಟಿಕೆಟ್ ಕೇಳಿಕೊಂಡು ಬಂದವನನ್ನು ಲವಿಟಾ ಅದುವರೆಗೆ ಕಂಡಿರಲಿಲ್ಲ.

"ಮುನಾಬಾವ್ ರೈಲು ಮತ್ತೆ ಶುರುವಾಯಿತಾ, ಸ್ವಲ್ಪ ನೋಡಿ," ಎಂದಿದ್ದ ದಾನ್ ಸಿಂಗ್, ಹಿಂದಿಯಲ್ಲಿ. ಕೈಯಲ್ಲಿ ಪಾಕಿಸ್ತಾನದ ಹಸಿರು ಪಾಸ್‌ಪೋರ್ಟ್.

"ಅದು ನಿಂತು ವರ್ಷಗಳಾದವು."

"ಗೊತ್ತು. ಆದರೂ ಕೇಳುತ್ತಿರುತ್ತೇನೆ. ಶುರುವಾದರೆ ನಿಮಗೊಂದು ಕಿಟಕಿ ಸೀಟು."

ನಕ್ಕರೆ ಅವನ ಎಡಗಣ್ಣು ಮಾತ್ರ ಸಣ್ಣದಾಗುತ್ತಿತ್ತು. ಮಂಗಳೂರಿನ ಹುಡುಗಿ ಲವಿಟಾ ಅಲ್ಲೇ ಸೋತಳು.

ಆಮೇಲೆ ಅವಳು ಕೆಲಸ ಮಾಡುತ್ತಿದ್ದ ಬೌಷರ್‌ನ ಟ್ರಾವೆಲ್ ಆಫೀಸಿಗೆ ಅವನು ಗುರುವಾರ ತಪ್ಪಿಸಲಿಲ್ಲ. ಸುಲೈಮಾನಿ ಚಹಾ ಹೀರುತ್ತ, ರಾಜಸ್ಥಾನದ ಗಡಿಯ ಮುನಾಬಾವ್ ಸ್ಟೇಷನ್ನಿನ ಕಥೆ ಹೇಳುತ್ತಿದ್ದ. ದೇಶ ಒಡೆದ ಮೇಲೂ ಅಲ್ಲಿಗೆ ಓಡಿದ ರೈಲು ಅರವತ್ತೈದರ ಯುದ್ಧಕ್ಕೆ ನಿಂತಿತ್ತು. ನಲವತ್ತು ವರ್ಷದ ಮೇಲೆ ಶುರುವಾಗಿ ಮತ್ತೆ ನಿಂತಿತು.

"ನಾವು ಸೋಢಾ ಕುಲದವರು. ಕುಲದೊಳಗೆ ಮದುವೆಯಾಗುವಂತಿಲ್ಲ. ಸಿಂಧ್‌ನ ನಮ್ಮೂರ ಸುತ್ತ ಇರುವವರೆಲ್ಲ ಅದೇ ಕುಲ. ಹೆಣ್ಣು ಗಡಿಯಾಚೆ ರಾಜಸ್ಥಾನದಿಂದಲೇ ಬರಬೇಕು. ನನ್ನಜ್ಜಿ ಆ ರೈಲಲ್ಲೇ ಬಂದದ್ದು."

ಕಥೆಯೆಲ್ಲ ತನಗಾಗಿ ಎಂದುಕೊಂಡಿದ್ದಳು ಲವಿಟಾ. ಅವನಿಗೂ ರಾಜಸ್ಥಾನದಲ್ಲೊಬ್ಬಳು ನಿಶ್ಚಯವಾಗಿದ್ದಾಳೆ ಎಂದು ತಿಳಿಯುವಷ್ಟರಲ್ಲಿ ಇಬ್ಬರಿಗೂ ಹೊತ್ತು ಮೀರಿತ್ತು. ಅವನ ಭಾರತದ ವೀಸಾಕ್ಕೆ ಅರ್ಜಿ ಹಾಕಿದವಳೂ ಲವಿಟಾಳೇ, ಸಿಗಲಾರದು ಎಂಬ ಧೈರ್ಯದಿಂದ.

ಸಿಕ್ಕಿತು. ಪಾಸ್‌ಪೋರ್ಟನ್ನು ಡ್ರಾಯರಿನಲ್ಲಿಟ್ಟು ಸುಮ್ಮನೆ ಕೂತಳು.

"ಎಂತ ಲವಿಟಾ, ಆ ಸಿಂಧ್‌ನವನ ವೀಸಾ ಬಂದು ಎರಡು ದಿನ ಆಯ್ತಲ್ಲ. ಹೇಳ್ಲಿಲ್ವಾ?" ಮಾಲೀಕ ಶಾಹುಲ್ ಹಮೀದ್ ಕೇಳಿದರು.

"ಹೇಳ್ತೇನೆ ಸರ್."

ಫೋನ್ ಮಾಡಿದಳು. ಅವನು ಬಂದ. ಅವಳು ಮೇಜಿನ ಮೇಲಿಟ್ಟ ಪಾಸ್‌ಪೋರ್ಟ್ ಮುಟ್ಟಲಿಲ್ಲ.

"ನೀವು ಬೇಡ ಅಂದರೆ ಹೋಗುವುದಿಲ್ಲ."

ಈ ಮಾತಿಗಾಗಿಯೇ ಅವಳು ಹಂಬಲಿಸಿದ್ದಳು. ಕೇಳಿದ ಮೇಲೆ ಪಾಸ್‌ಪೋರ್ಟನ್ನು ಅವನತ್ತ ಸರಿಸಿದಳು.

"ಅವಳು ಯಾವಾಗಿನಿಂದ ಕಾಯುತ್ತಿದ್ದಾಳೆ?"

"ರೈಲು ನಿಂತಾಗಿನಿಂದ. ಆ ವರ್ಷವೇ ಮದುವೆ ಆಗಬೇಕಿತ್ತು."

"ನನಗೆ ನಿಮ್ಮ ಮೇಲೆ ಪ್ರೀತಿ ಇದೆ, ದಾನ್. ಆದರೆ ಇಷ್ಟು ವರ್ಷ ಕಾದು ಕೂತವಳಿಗೆ, ನೀವು ಬರುವುದಿಲ್ಲವೆಂದು ಯಾರು ಹೋಗಿ ಹೇಳುವುದು? ನನ್ನಿಂದಾಗದು."

ಅವಳು ಕಂಪ್ಯೂಟರಿನ ಕಡೆ ತಿರುಗಿದಳು.

"ಹೋಗುವಾಗ ಒಬ್ಬರು. ಬರುವಾಗ?"

ಪಾಸ್‌ಪೋರ್ಟನ್ನು ಕೈಗೆತ್ತಿಕೊಂಡು ಅವನೆಂದ, "ಇಬ್ಬರು."

"ಅವರ ಹೆಸರು?"

ಅಷ್ಟು ಗುರುವಾರಗಳಲ್ಲಿ ಅವನು ಒಮ್ಮೆಯೂ ಆ ಹೆಸರು ಎತ್ತಿರಲಿಲ್ಲ.

"ಕಮಲ್ ಕಂವರ್."

ಲವಿಟಾ ಟೈಪ್ ಮಾಡಿದಳು. ವಿಮಾನದ ಸೀಟುಗಳ ಚಿತ್ರ ತೆರೆದುಕೊಂಡಿತು. ಕಣ್ಣೊರೆಸಿಕೊಂಡು, ಆ ಹುಡುಗಿಗೆ ಕಿಟಕಿ ಬದಿಯದನ್ನೇ ಕೊಟ್ಟಳು.