ಹದಿನೇಳರ ಜಾಗದಲ್ಲಿ ಹದಿನಾರು

ಪಿಟೀಲಿನವರ ಸ್ವರಲಿಪಿಯ ಹಾಳೆಗಳ ಬೆನ್ನಿಗೆ ಟೇಪು ಅಂಟಿಸುತ್ತಿದ್ದವಳು ಸದ್ದಾಯಿತೆಂದು ಬಾಗಿಲ ಕಡೆ ನೋಡಿದಳು. ಟೇಪು ಬೆರಳಿಗೇ ಅಂಟಿಕೊಂಡಿತು.

ಅವನು! ನಾಲ್ಕು ವರ್ಷಗಳ ಮೇಲೆ...

"ಇಲ್ಲಿ ಪ್ರತಿ ಬರೆಯೋರು ಈಗಲೂ ನೀವೇ ತಾನೇ?"

"ಇನ್ಯಾರು ಬರ್ತಾರೆ ಈ ಕಣ್ಣು ಹಾಳಾಗೋ ಕೆಲಸಕ್ಕೆ?" ನಗಲು ನೋಡಿದಳು. ಬೆರಳಿನ ಟೇಪನ್ನು ಬಿಡಿಸತೊಡಗಿದಳು.

ಅವನು ಸಂಗೀತ ರಚಿಸುವವನು. ಅವನು ಬರೆದದ್ದರಿಂದ ಒಬ್ಬೊಬ್ಬ ವಾದಕರ ಪಾಲನ್ನೂ ಬೇರೆ ಬೇರೆ ಹಾಳೆಗೆ ಇಳಿಸುವವಳು ಇವಳು. ವಾದ್ಯವೃಂದಕ್ಕೂ ಗಾಯಕವೃಂದಕ್ಕೂ ಸೇರಿಸಿ ಅವನು ಬರೆದ ಮೊದಲ ದೊಡ್ಡ ಕೃತಿಯ ಕೆಲಸದಲ್ಲೇ ಇಬ್ಬರ ನಡುವೆ ಏನೋ ಚಿಗುರಿತ್ತು.

ಆ ಕೃತಿಯ ಪ್ರದರ್ಶನದ ದಿನ, ಕೊನೆಯ ಅಭ್ಯಾಸ ಮುಗಿದ ಮೇಲೆ, ಕ್ಲಾರಿನೆಟ್ ವಾದಕರು ಗೊಣಗಿದ್ದರು: "ನುಡಿಸ್ತಾ ನುಡಿಸ್ತಾ ಪುಟ ತಿರುಗಿಸೋಕೆ ನನಗೇನು ಮೂರು ಕೈ ಇದೆಯಾ ತಾಯಿ?"

ವಾದ್ಯ ಸುಮ್ಮನಿರುವ ಜಾಗಕ್ಕೆ ಪುಟ ಮುಗಿಯುವಂತೆ ಅವಳು ಹೊಸದಾಗಿ ಬರೆದುಕೊಟ್ಟಳು. ಆತುರದಲ್ಲಿ, ತಾಳದ ಹದಿನೇಳು ಆವರ್ತ ಮೌನ ಎಂದಿದ್ದಲ್ಲಿ ಹದಿನಾರು ಎಂದು ಬರೆದಳು.

ಪ್ರದರ್ಶನದಲ್ಲಿ ಕ್ಲಾರಿನೆಟ್ ಒಂದು ಆವರ್ತ ಮುಂಚೆ ನುಗ್ಗಿತು. ಗಾಯಕರು ದಾರಿ ತಪ್ಪಿದರು. ವೃಂದದ ನಿರ್ದೇಶಕರು ಕೈಯೆತ್ತಿ ನಿಲ್ಲಿಸಿಬಿಟ್ಟರು... ತುಂಬಿದ ಸಭೆಯೆದುರು!

ಹಾಳೆಗಳನ್ನು ಒಟ್ಟುಮಾಡುವಾಗ ತನ್ನ ತಪ್ಪು ಅವಳ ಕಣ್ಣಿಗೆ ಬಿತ್ತು. ಆ ಪುಟವನ್ನು ಬಚ್ಚಿಟ್ಟಳು. ಬಾಯಿ ಬಿಡಲಿಲ್ಲ. ಅವನ ಪತ್ರಗಳಿಗೂ ಉತ್ತರಿಸಲಿಲ್ಲ. ಯಾವ ಮುಖ ಇಟ್ಟುಕೊಂಡು ಬರೆಯುವುದು?

"ಆ ಹಳೇ ಕೃತೀನೇ ಮತ್ತೆ ನುಡಿಸ್ತಾರಂತೆ," ಅವನು ಈಗ ಹಾಳೆಗಳ ಕಟ್ಟನ್ನು ಮೇಜಿನ ಮೇಲಿಟ್ಟ. "ಆ ಕ್ಲಾರಿನೆಟ್ ಭಾಗ ಮಾತ್ರ ತೆಗೆದುಹಾಕಿದೀನಿ."

"ತೆಗೆದ್ರಾ? ಕೃತಿಯ ಜೀವ ಅಲ್ವಾ ಅದು!"

"ಸರಿಯಾಗೇ ಎಣಿಸಿದ್ದೆ ಅಂತ ಆ ವಾದಕರು ಆಣೆ ಇಟ್ಟು ಹೇಳಿದ್ರು. ಅಂದ್ರೆ ಎಣಿಸೋಕೇ ಆಗದ ಹಾಗೆ ನಾನು ಬರೆದಿದೀನಿ ಅಂತ ತಾನೇ? ಆಮೇಲೆ ಅಂಥದ್ದು ಬರೆಯೋಕೆ ಧೈರ್ಯಾನೇ ಬರ್ಲಿಲ್ಲ." ಅವನು ತಲೆ ತಗ್ಗಿಸಿದ. "ನೀವೂ ಸುಮ್ಮನಾದ್ರಿ. ಸೋತವನ ಸಹವಾಸ ಬೇಡ ಅನ್ನಿಸಿರಬೇಕು ಅಂದ್ಕೊಂಡೆ."

"ಅಯ್ಯೋ... ಖಂಡಿತ ಹಾಗಲ್ಲ!"

"ಹಾಗಲ್ಲ ಅಂದ್ರೆ... ಇವತ್ತಾದ್ರೂ ಕೇಳಬಹುದಾ? ನನ್ನನ್ನ ಮದುವೆ ಆಗ್ತೀರಾ?"

ಎಷ್ಟು ದಿನ ಕಾದ ಮಾತು! ಆದರೆ ಕಿವಿಗೆ ಬಿದ್ದಾಗ ಎದೆಯಲ್ಲಿ ಮುಳ್ಳಾಡಿದಂತಾಯಿತು.

"ಈಗಲೇ ಹೇಳಬೇಡಿ. ಗಾಯಕರ ಅಭ್ಯಾಸ ನೋಡಿ ಬರ್ತೀನಿ. ಒಲ್ಲೆ ಅಂದ್ರೂ ಪ್ರತಿ ಮಾತ್ರ ನೀವೇ ಬರೀಬೇಕು. ನಿಮ್ಮ ಕೈಬರಹ ಅಂದ್ರೆ ಕಣ್ಣು ಮುಚ್ಚಿ ನಂಬ್ತೀನಿ."

"ಕಣ್ಣು ಮುಚ್ಕೋಬೇಡಿ," ಎಂದಳು ಮೆಲ್ಲಗೆ.

"ಸರಿ, ಬಿಟ್ಕೊಂಡೇ ಬರ್ತೀನಿ ಬಿಡಿ," ಎಂದು ನಗುತ್ತಾ ಹೋದ.

ಗಾಯಕವೃಂದದಲ್ಲಿ ಹಾಡುವ ಅತ್ತಿಗೆ ಬಾಗಿಲಲ್ಲಿ ಇಣುಕಿದಳು. "ಏನೇ, ಇಂಗು ತಿಂದ ಮಂಗನ ಹಾಗೆ ಕೂತಿದೀಯ! ಏನಂದ?"

"ಏನಿಲ್ಲ ಅತ್ತಿಗೆ. ಅಭ್ಯಾಸಕ್ಕೆ ಹೊತ್ತಾಯ್ತು, ಹೋಗಿ."

ಬಾಗಿಲು ಮುಚ್ಚಿತು. ಬರೀ ಒಂದು 'ಹೂಂ' ಸಾಕು, ಅವನು ನನ್ನವನಾಗುತ್ತಾನೆ... ತನ್ನ ಮೇಲೆ ತನಗೇ ನಂಬಿಕೆ ಇಲ್ಲದವನಾಗಿ, ನನ್ನ ತಪ್ಪನ್ನು ತನ್ನದೆಂದೇ ನಂಬಿಕೊಂಡು!

ಅವಳು ಕೆಳಗಿನ ಖಾನೆಯಲ್ಲಿ ಬಚ್ಚಿಟ್ಟಿದ್ದ ಆ ಹಳೆಯ ಪುಟವನ್ನು ತೆಗೆದು, ಅವನ ಕಟ್ಟಿನ ಮೇಲೆ ಹರವಿದಳು. 'ಹೂಂ' ಅನ್ನುವುದು ಆಮೇಲೆ. ಇದನ್ನು ನೋಡಿದ ಮೇಲೂ ಅವನು ಕೇಳಿದರೆ.

ಅವನಿಗೆಂದು ಕುರ್ಚಿಯೊಂದನ್ನು ಕಿಟಕಿಯ ಬೆಳಕಿಗೆ ಎಳೆದಿಟ್ಟು, ಅದರ ಎದುರಿಗೆ ಕೂತಳು.