ಕ್ಯಾಮೆರಾ ಬ್ಯುಸಿ ಇದೆ

"ಕ್ಯಾಮೆರಾ ಆನ್ ಮಾಡಮ್ಮ. ಮೂರು ದಿನದಿಂದ ಹೇಳ್ತಿದೀನಿ," ಎಂದರು ಮಿಸ್.

"ಆನ್ ಮಾಡಿದೀನಿ ಮಿಸ್. ಬರ್ತಿಲ್ಲ."

"ಎಲ್ಲರದ್ದೂ ಬರುತ್ತೆ, ನಿನ್ನದೊಂದೇ ಬರಲ್ವಾ? ಹಾಸಿಗೇಲಿ ಬಿದ್ಕೊಂಡು ಪಾಠ ಕೇಳ್ತಿದೀಯಾ?"

ಇಡೀ ಕ್ಲಾಸು ಕಿಸಕ್ಕೆಂದು ನಕ್ಕಿತು. ಶಾಲೆಯ ಚಾವಣಿ ರಿಪೇರಿ ಮುಗಿಯುವವರೆಗೆ ಪಾಠವೆಲ್ಲ ವಿಡಿಯೋದಲ್ಲೇ. ಅಷ್ಟೂ ಮುಖಗಳ ನಡುವೆ ಅವಳದೊಂದೇ ಕಪ್ಪು ಚೌಕ.

"ನಾನು ಸುಳ್ಳು ಹೇಳ್ತಿಲ್ಲ," ಎಂದಳು ಅವಳು. ಮನೆಯಲ್ಲಿ ಅವಳನ್ನು ಮೊಂಡಿ ಎಂದು ಕರೆಯುವುದು ಸುಮ್ಮನೆ ಅಲ್ಲ.

"ಸರಿ. ಬ್ರೇಕ್ ಆದಮೇಲೆ ಚರ್ಚಾ ಸ್ಪರ್ಧೆಗೆ ಆಯ್ಕೆ. ಅಷ್ಟರಲ್ಲಿ ಮುಖ ಕಾಣಿಸಿದರೆ ಮಾತಾಡು. ಇಲ್ಲದಿದ್ರೆ ನಿನ್ನ ಹೆಸರು ಹೊಡೆದುಹಾಕ್ತೀನಿ."

ಇದ್ದದ್ದು ಇಪ್ಪತ್ತು ನಿಮಿಷ. ಹದಿನೈದು ದಿನ ಕೂತು ತಯಾರಾದ ಭಾಷಣ ಅದು.

ಅಣ್ಣ ಬಾಗಿಲಿಗೆ ಒರಗಿ ನಿಂತಿದ್ದ. "ಬಿಟ್ಟಿ ಸಿಸ್ಟಮ್ ಹಾಕ್ಕೊಂಡ್ರೆ ಇನ್ನೇನಾಗುತ್ತೆ? ಸಂಜೆ ಆ ಲಿನಕ್ಸ್ ಅಳಿಸಿ ಬೇರೇದು ಹಾಕ್ತೀನಿ."

"ಮುಟ್ಟಿ ನೋಡು, ಗೊತ್ತಾಗುತ್ತೆ."

ಕಂಪ್ಯೂಟರನ್ನು ನಡೆಸುವ ಈ ಲಿನಕ್ಸ್ ಎಂಬ ಸಿಸ್ಟಮ್ ಕಾಸಿಲ್ಲದೆ ಸಿಗುತ್ತದೆ, ಯಾರು ಬೇಕಾದರೂ ಒಳಗೆ ಇಣುಕಿ ರಿಪೇರಿ ಮಾಡಬಹುದು. ಹಳೇ ಕಂಪ್ಯೂಟರಿಗೆ ಅದನ್ನು ಹಾಕಿದವಳು ಮೊಂಡಿಯೇ. ಅದರಲ್ಲಿ ಕ್ಯಾಮೆರಾ ನಡೆಯಲ್ಲ ಎಂದು ವಿಡಿಯೋ ಪಾಠ ಶುರುವಾಗುವ ಮೊದಲೇ ಅಣ್ಣ ಹೀಯಾಳಿಸಿದ್ದ. ನಡೆಯುತ್ತೆ ಎಂದು ಸಾಧಿಸಲು ಅವಳು ದಿನಾ ಬೆಳಿಗ್ಗೆ ಕ್ಲಾಸಿಗೆ ಮುಂಚೆ ಕ್ಯಾಮೆರಾ ಟೆಸ್ಟ್ ಮಾಡುವ ಪ್ರೋಗ್ರಾಂ ತೆರೆದು, ಅಣ್ಣನನ್ನು ಎಳೆದು ತಂದು ತೋರಿಸುತ್ತಿದ್ದಳು. ಅದರಲ್ಲಿ ಅಣ್ಣನ ಮೂಗಿನ ಮೇಲಿನ ಮೊಡವೆ ಕೂಡ ಕಾಣುತ್ತಿತ್ತು. ಕ್ಲಾಸಿಗೆ ಬಂದರೆ ಮಾತ್ರ ಕತ್ತಲೆ.

ಯುಎಸ್‌ಬಿ ವೈರನ್ನು ಅದುಮಿ ನೋಡಿದಳು. ಬಿಗಿಯಾಗಿಯೇ ಇತ್ತು. ಕ್ಯಾಮೆರಾದ ನೀಲಿ ದೀಪವೂ ಉರಿಯುತ್ತಿತ್ತು. ಸಿಸ್ಟಮ್‌ಗೆ ನೇರವಾಗಿ ಆಜ್ಞೆ ಕೊಡುವ ಕಪ್ಪು ಪರದೆ ತೆರೆದು, ಜೋಡಿಸಿರುವ ಸಾಧನಗಳ ಪಟ್ಟಿ ಕೇಳುವ ಕಮಾಂಡ್ ಟೈಪ್ ಮಾಡಿದಳು. ಪಟ್ಟಿಯಲ್ಲಿ ಕ್ಯಾಮೆರಾದ ಹೆಸರೂ ಬಂತು. ಕ್ಯಾಮೆರಾ ತೆರೆಯಲು ಇನ್ನೊಂದು ಕಮಾಂಡ್ ಕೊಟ್ಟಾಗ ಸಿಸ್ಟಮ್ ಒಂದೇ ಸಾಲಿನ ಉತ್ತರ ಕೊಟ್ಟಿತು.

"ಡಿವೈಸ್ ಬ್ಯುಸಿ ಅಂತೆ," ಎಂದು ಅಣ್ಣ ಓದಿದ. "ಅಂದ್ರೆ ಕೆಟ್ಟಿದೆ."

ಅಲ್ಲೇ ಬಟ್ಟೆ ಮಡಚುತ್ತಿದ್ದ ಅಜ್ಜಿ ತಲೆ ಎತ್ತಿದರು. ಮೂವತ್ತು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಲೈನು ಜೋಡಿಸಿದವರು ಅವರು.

"ಯಾರಪ್ಪ ಹೇಳಿದ್ದು? ಬ್ಯುಸಿ ಅಂದ್ರೆ ಲೈನ್ ಚೆನ್ನಾಗೇ ಇದೆ ಅಂತ. ಇನ್ಯಾರೋ ಮಾತಾಡ್ತಿದಾರೆ, ಅವರು ಫೋನ್ ಇಡೋ ತನಕ ನಿಮಗೆ ಸಿಗಲ್ಲ, ಅಷ್ಟೆ. ಯಾರು ಹಿಡ್ಕೊಂಡಿದಾರೆ ನೋಡು ಪುಟ್ಟಿ."

ಮೊಂಡಿ ಅಣ್ಣನನ್ನು ದುರುಗುಟ್ಟಿ ನೋಡಿದಳು. ಇದು ಇವನದೇ ಕಿತಾಪತಿ ಇರಬೇಕು. ತೆರೆದಿರುವ ಪ್ರೋಗ್ರಾಂಗಳನ್ನು ಒಂದೊಂದಾಗಿ ಕ್ಲಿಕ್ ಮಾಡಿದಳು. ಕೊನೆಯದನ್ನು ಒತ್ತಿದ ಕೂಡಲೇ ಪರದೆಯ ತುಂಬ ಅವಳದೇ ಮುಖ ಕಾಣಿಸಿಕೊಂಡಿತು. ಬೆಳಿಗ್ಗೆ ತೆರೆದ ಟೆಸ್ಟ್ ಪ್ರೋಗ್ರಾಂ. ದಿನಾ ಅದನ್ನು ಕಾಣದಂತೆ ಪರದೆಯ ಕೆಳಗಿಳಿಸಿ ಬಿಡುತ್ತಿದ್ದಳೇ ಹೊರತು ಮುಚ್ಚುತ್ತಿರಲಿಲ್ಲ.

ಅಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕ.

ಅವಳು ಅದನ್ನು ಮುಚ್ಚಿದಳು. ನೀಲಿ ದೀಪ ಆರಿತು. ಕ್ಲಾಸಿನ ಪುಟದಲ್ಲಿ ಕ್ಯಾಮೆರಾ ಒತ್ತಿದಾಗ ಮತ್ತೆ ಹತ್ತಿಕೊಂಡಿತು. ಚೌಕದಲ್ಲಿ ಮುಖ ಬಂತು.

"ಅಂತೂ ಬಂದ್ಯಲ್ಲ," ಎಂದರು ಬ್ರೇಕ್ ಮುಗಿಸಿ ಬಂದ ಮಿಸ್. "ಏನಾಗಿತ್ತು?"

"ಸಿಸ್ಟಮ್ ಪ್ರಾಬ್ಲಂ ಅನ್ನು," ಎಂದು ಅಣ್ಣ ಪಿಸುಗುಟ್ಟಿದ. ಹಾಗೆ ಹೇಳಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ.

"ಸಿಸ್ಟಮ್ ಸರಿಯಾಗೇ ಇತ್ತು ಮಿಸ್," ಎಂದಳು ಮೊಂಡಿ. "ನಾನೇ ಇನ್ನೊಂದು ಪ್ರೋಗ್ರಾಂನಲ್ಲಿ ಕ್ಯಾಮೆರಾ ತೆರೆದಿಟ್ಟು ಮರೆತಿದ್ದೆ. ತಪ್ಪು ನಂದು. ಆದ್ರೆ ನಾನು ಸುಳ್ಳು ಹೇಳಿರಲಿಲ್ಲ."

ಅಣ್ಣನ ನಗು ಅರ್ಧಕ್ಕೇ ನಿಂತಿತು. ಕ್ಲಾಸಿನಲ್ಲೂ ಯಾರೂ ನಗಲಿಲ್ಲ.

"ಇಲ್ಲ, ಹೇಳಿರಲಿಲ್ಲ," ಎಂದರು ಮಿಸ್. "ಶುರು ಮಾಡಮ್ಮ. ಮೂರು ನಿಮಿಷ."

ಮೊಂಡಿ ಚೌಕದಲ್ಲಿದ್ದ ತನ್ನ ಮುಖವನ್ನು ಒಮ್ಮೆ ನೋಡಿಕೊಂಡಳು. ತಪ್ಪು ಒಪ್ಪಿಕೊಂಡರೆ ತಲೆ ತಗ್ಗಿಸಬೇಕಾಗುತ್ತದೆ ಎಂದುಕೊಂಡಿದ್ದಳು. ತಗ್ಗಿರಲಿಲ್ಲ. ಗಂಟಲು ಸರಿಮಾಡಿಕೊಂಡು ಮಾತು ಶುರುಮಾಡಿದಳು.