ಹಿಂದಿನ ಎಡಗಡೆಯ ಗಾಜು

ತೊಂಬತ್ತಾರರಲ್ಲಿ, ನಾವು ಕಲೂರಿನಲ್ಲಿದ್ದಾಗ ನಡೆದದ್ದು ಇದು. ನನ್ನ ಯಜಮಾನರಿಗೂ ಅವರ ಗೆಳೆಯರಿಗೂ ಹಳೆಯ ಜಪಾನಿ ಕಾರುಗಳ ಹುಚ್ಚು. ಅವರಲ್ಲೊಂದು ಕಟ್ಟಳೆಯಿತ್ತು: ಮಾರುವವನು ಬಾನೆಟ್ಟಿನ ಮೇಲೆ ಕೈಯಿಟ್ಟು ಕಾರಿನ ಕುಂದುಗಳನ್ನೆಲ್ಲ ಹೇಳಿಬಿಡಬೇಕು. ನನ್ನನ್ನು ಅಕ್ಕ ಎನ್ನುತ್ತ ನಮ್ಮ ಮನೆಯಲ್ಲೇ ಉಣ್ಣುತ್ತಿದ್ದ ಗುರುಪ್ರಸಾದನೂ ಹಾಗೆ ಹೇಳಿಯೇ ತನ್ನ ಕಾರನ್ನು ನಮಗೆ ಮಾರಿದ.

ಕಡಲ ಹಿನ್ನೀರು ದಾಟಿ ಮಟ್ಟಾಂಚೇರಿಗೆ ಹೋಗುವ ಸೇತುವೆ ಹತ್ತಿದೊಡನೆ ಹಿಂದಿನ ಎಡಗಡೆಯ ಗಾಜು ತಾನಾಗಿ ಇಳಿಯುತ್ತಿತ್ತು. ಆ ಬದಿಯ ಸೀಟು ಬೇಸಿಗೆಯಲ್ಲೂ ತಣ್ಣಗೆ, ಮುಟ್ಟಿದರೆ ಒದ್ದೆ. ಬೆರಳು ನಾಲಿಗೆಗಿಟ್ಟರೆ ಉಪ್ಪು.

"ಅದಕ್ಕೂ ಸ್ವಲ್ಪ ಗಾಳಿ ಬೇಡ್ವಾ ಅಕ್ಕ?" ಎಂದು, ನಾನು ಗಾಜಿನ ವಿಷಯ ಹೇಳಿದಾಗ, ಗುರುಪ್ರಸಾದ ನಗಾಡಿದ.

ಕೊನೆಗೆ ಯಜಮಾನರು ಆ ಗಾಜನ್ನು ಏರಿಸಿ ಇಳಿಸುವ ಮೋಟರನ್ನೇ ಬಿಚ್ಚಿ, ಗಾಜನ್ನು ಮೇಲೇರಿಸಿ ಬೆಣೆ ಕೊಟ್ಟು ನಿಲ್ಲಿಸಿದರು. ಬೇರೆ ಮೋಟರು ಹುಡುಕಲು ಮೂವರೂ ಮಟ್ಟಾಂಚೇರಿಗೆ ಹೊರಟೆವು. ಮಧ್ಯಾಹ್ನದ ಬಿಸಿಲು. ಗುರುಪ್ರಸಾದ ಓಡಿಸುತ್ತಿದ್ದ. ನಾನು ಹಿಂದೆ ಬಲಬದಿಗೆ ಕೂತಿದ್ದೆ, ಬಿಚ್ಚಿದ ಮೋಟರಿನ ಚೀಲ ನನ್ನ ಮಡಿಲಲ್ಲಿತ್ತು.

ಸೇತುವೆ ಬಂತು. ಅವನು ಕನ್ನಡಿಯಲ್ಲಿ ನನ್ನ ಪಕ್ಕದ ಖಾಲಿ ಸೀಟನ್ನು ನೋಡಿ, ಚಿಕ್ಕ ಮಗುವಿಗೆ ದಿನಾ ಹೇಳಿ ರೂಢಿಯಾದವನಂತೆ ಮೆಲ್ಲಗೆ, "ಕೈ ಹೊರಗೆ ಹಾಕ್ಬೇಡ ಮಗಾ" ಎಂದ.

"ಇದೊಂದನ್ನು ನಮಗೆ ಯಾಕೆ ಹೇಳಲಿಲ್ಲ ಗುರು?" ಎಂದು ಕೇಳಿದೆ.

ಗಾಜು ಇಳಿಯತೊಡಗಿತು. ನನ್ನ ಮಡಿಲ ಚೀಲದೊಳಗೆ ಮೋಟರು ಸಣ್ಣಗೆ ತಿರುಗುತ್ತಿತ್ತು.